ಕೋಡಿಯ ಕಂಜಂಕ್ಷನ್ ಪಾಠ

ಫೆಬ್ರವರಿ 3

ಇವತ್ತು ಕೋಡಿಯ ಮೀನು ಮಾರುಕಟ್ಟೆಯಲ್ಲಿ ನೂರು ಕರಪತ್ರ ಹಂಚಿದೆ. ತೊಂಬತ್ತರಲ್ಲಿ ಮೀನು ಕಟ್ಟಿದರು.

'ಇಂಗ್ಲಿಷ್ ಎಂಬ ಎರಡನೆಯ ಬಲೆ.' ಎಂಟು ಪುಟ. ನಾನೇ ಬರೆದದ್ದು. ನಮ್ಮ ನುಡಿಕಿಡಿ ಬಳಗದ ನಾಲ್ಕೂ ಜನ ಮೆಚ್ಚಿದ್ದಾರೆ, ನನ್ನನ್ನೂ ಸೇರಿಸಿ. ಬೈಂದೂರಿನ ಪ್ರವೀಣ್ ಅಂತೂ ಇದನ್ನು ಓದಿದ ಯಾವ ಮೀನುಗಾರ ಮಹಿಳೆಯೂ ತನ್ನ ಮಗುವನ್ನು ಇಂಗ್ಲಿಷ್ ಶಾಲೆಗೆ ಕಳಿಸಲಾರಳು ಎಂದಿದ್ದರು. ಓದುವ ಮೊದಲೇ ಕಟ್ಟಿದರೆ ಏನು ಮಾಡುವುದು ಎಂದು ಅವರು ಹೇಳಿರಲಿಲ್ಲ.

"ಹ್ವಾಯ್, ಶೆಟ್ರ ಮಗ್ಳೇ, ಈ ಕಾಗ್ದ ಇನ್ನೊಂದ್ ಹತ್ತ್ ಕೊಡಿ, ಗಟ್ಟಿ ಇತ್ತ್" ಎಂದರು ಕುಸುಮಾವತಿ ಎಂಬ ದಪ್ಪ ಹೆಂಗಸು.

ಅವರ ಪಕ್ಕದಲ್ಲಿದ್ದ ಪುಷ್ಪ ಎಂಬವಳೊಬ್ಬಳೇ ಓದಿದಳು. ಎಂಟೂ ಪುಟ, ತುಟಿ ಅಲ್ಲಾಡಿಸುತ್ತ. ಓದಿದ ಮೇಲೆ ಅವಳೂ ಮೀನು ಕಟ್ಟಿದಳು. "ಇದ್ರಗೆ ಒಂದ್ ವಾಕ್ಯ ಹದ್ನಾಕ್ ಸಾಲ್ ಇತ್ತ್ ಮಾರಾಯ್ತಿ. ನಂಗೆ ಮಧ್ಯದಗೆ ಉಸ್ರ್ ಕಟ್ತ್."

ಆಮೇಲೆ ಒಂದು ಒಪ್ಪಂದ ಮುಂದಿಟ್ಟಳು. ನಮ್ಮ ಬೈಂದೂರಿನ ಸಮಾವೇಶಕ್ಕೆ ಅವಳು ಹತ್ತು ಹೆಂಗಸರನ್ನು ಕಳಿಸುತ್ತಾಳೆ. ನಾನು ಅವಳಿಗೆ ಇಂಗ್ಲಿಷ್ ಕಲಿಸಬೇಕು.

ಹದಿನೆಂಟು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಅವಳು ಇಂಗ್ಲಿಷ್ ಒಂದರಲ್ಲಿ ಮಾತ್ರ ಬಿದ್ದವಳು. ಈಗ ಅಂಗನವಾಡಿ ಸಹಾಯಕಿಯ ಹುದ್ದೆಗೆ ಅರ್ಜಿ ಕರೆದಿದ್ದಾರೆ, ಮೇ ಕೊನೆಯವರೆಗೆ ಸಮಯವಿದೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಮೂವತ್ತೈದು ದಾಟಿರಬಾರದು. ಜೂನಿಗೆ ಅವಳಿಗೆ ಮೂವತ್ತೈದು ತುಂಬುತ್ತದೆ. ಹಾಗಾಗಿ ಮಾರ್ಚಿನ ಪರೀಕ್ಷೆಯೇ ಕೊನೆಯದು. ಬುಟ್ಟಿ ಹೊತ್ತು ಹೊತ್ತು ಕುತ್ತಿಗೆಯ ಎಲುಬು ಸವೆದಿದೆಯಂತೆ, ಬಲಗೈ ಜೋಮು ಹಿಡಿಯುತ್ತದಂತೆ. "ಬುಟ್ಟಿ ಬಿಡ್ಕ್ ಅಂದ್ರ್ ಡಾಕ್ಟ್ರ್. ಬಿಟ್ರೆ ಉಂಬುದೆಂತ ಅಂದೇಳಿ ಹೇಳ್ಲಿಲ್ಲ."

ಇಂಗ್ಲಿಷ್ ವಿರೋಧಿ ಸಭೆಗೆ ಜನ ಸೇರಿಸಲು ಇಂಗ್ಲಿಷ್ ಕಲಿಸುವುದೇ ಎಂದು ಕೇಳಿದೆ.

"ಮೀನ್ ಹಿಡುಕೆ ಗಾಳಕ್ಕೆ ಮೀನನ್ನೇ ಚುಚ್ಚುದಲ್ದಾ?" ಎಂದಳು.

ಸಿದ್ಧಾಂತದ ಕಾರಣಕ್ಕೆ ನಿರಾಕರಿಸಿ ಬಂದೆ.

ಫೆಬ್ರವರಿ 4

ಒಪ್ಪಿಕೊಂಡೆ. ಶತ್ರುವಿನ ಆಯುಧವನ್ನು ಅರಿತೇ ಶತ್ರುವನ್ನು ಎದುರಿಸಬೇಕು ಎಂದು ಒಂದು ಕಿರುಹೊತ್ತಗೆಯಲ್ಲಿ ಓದಿದ ನೆನಪು. ಹೊತ್ತಗೆ ಸಿಗಲಿಲ್ಲ. ಮೂವತ್ತೆರಡು ಪುಟಕ್ಕಿಂತ ದಪ್ಪದ ಪುಸ್ತಕ ನಾನು ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಎಲ್ಲವೂ ಎಲ್ಲದರ ನಡುವೆ ಸೇರಿಹೋಗುತ್ತವೆ.

ಪ್ರವೀಣರಿಗೆ ಹೇಳಿಲ್ಲ. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ನನಗೆ ತೊಂಬತ್ತೆರಡು ಬಂದದ್ದನ್ನೂ ಅವರಿಗೆ ಹೇಳಿಲ್ಲ.

ಫೆಬ್ರವರಿ 8

ಮೊದಲ ಪಾಠ, ಪುಷ್ಪಕ್ಕನ ಮನೆಯ ಜಗಲಿಯಲ್ಲಿ. ಗಂಡ ಮಲ್ಪೆಯ ಬೋಟಿನಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಅನ್ವಿತಾ ಎಂಬ ಮಗು ಪಾಠದುದ್ದಕ್ಕೂ ನನ್ನ ಚಪ್ಪಲಿ ಕಚ್ಚುತ್ತಿತ್ತು.

ಅವಳ ತೊಂದರೆ ಏನೆಂದು ಬೇಗ ತಿಳಿಯಿತು. "ಒಂದೊಂದೇ ವಾಕ್ಯ ಬಂದ್ರೆ ಗೊತ್ತಾತ್ತ್, ಟೀಚರಮ್ಮ. ಎರಡ್ ಒಟ್ಟಿಗ್ ಬಂದ್ರೆ ಗೊತ್ತಾತಿಲ್ಲೆ." ಅಂದರೆ ಕಂಜಂಕ್ಷನ್. ವಾಕ್ಯಗಳನ್ನು ಜೋಡಿಸುವ ಕೊಂಡಿಗಳು. ಪ್ರಶ್ನೆಪತ್ರಿಕೆಯಲ್ಲಿ ಅವು ಬಾರದ ಪುಟವೇ ಇಲ್ಲ.

ಕೋಆರ್ಡಿನೇಟಿಂಗ್‌ನಿಂದ ಶುರು ಮಾಡಿದೆ. ಆ್ಯಂಡ್, ಬಟ್, ಆರ್, ಸೋ ಮುಂತಾದವು. ಇವು ಸಮಾನರನ್ನು ಜೋಡಿಸುತ್ತವೆ. ಕೊಂಡಿ ಕಿತ್ತರೂ ಎರಡು ಕಡೆಯ ಮಾತೂ ತನ್ನ ಕಾಲ ಮೇಲೆ ನಿಲ್ಲುತ್ತದೆ. ಉದಾಹರಣೆಗೆ 'ವರ್ಕರ್ಸ್ ಅವೇಕ್ ಆ್ಯಂಡ್ ಟೈರಂಟ್ಸ್ ಟ್ರೆಂಬಲ್' ಎಂದು ಬರೆಸಿದೆ.

"ಇಂಥದ್ದ್ ಪರೀಕ್ಷೆಲಿ ಕೇಂತ್ರಾ?"

ಕೇಳುವುದಿಲ್ಲ ಎಂದು ಒಪ್ಪಬೇಕಾಯಿತು. ಅಂಜಲ್ ಮೀನಿನ ಬಗ್ಗೆ ಅವಳೇ ಬರೆದಳು: 'ಅಂಜಲ್ ಈಸ್ ಟೇಸ್ಟಿ ಬಟ್ ಕಾಸ್ಟ್ಲಿ.' ನಿಜಕ್ಕೂ ಇದರಲ್ಲಿ ವರ್ಗಪ್ರಜ್ಞೆ ನನ್ನದಕ್ಕಿಂತ ಹೆಚ್ಚಿದೆ. ಮುಂದಿನದು: 'ಮೈ ನೆಕ್ ಈಸ್ ಪೇನಿಂಗ್, ಸೋ ಐ ಆ್ಯಮ್ ಸ್ಟಡಿಯಿಂಗ್.' ಪೇನಿಂಗ್ ತಪ್ಪು. ತಿದ್ದಲು ಪೆನ್ನು ಎತ್ತಿದೆ. ಯಾಕೋ ಇವತ್ತಿಗೆ ಬಿಟ್ಟೆ.

ಫೆಬ್ರವರಿ 15

ಸಬಾರ್ಡಿನೇಟಿಂಗ್ ಕಂಜಂಕ್ಷನ್. ಹೆಸರಿನಲ್ಲೇ ಅಧೀನತೆ ಇದೆ. ಇಂಗ್ಲಿಷ್ ವ್ಯಾಕರಣ ತನ್ನ ಊಳಿಗಮಾನ್ಯ ಮುಖವನ್ನು ಮುಚ್ಚಿಡುವ ಗೋಜಿಗೂ ಹೋಗಿಲ್ಲ. ಪುಷ್ಪಕ್ಕನಿಗೆ ಹೀಗೆ ವಿವರಿಸಿದೆ: ವಾಕ್ಯದ ಮುಖ್ಯ ಭಾಗವೇ ಜಮೀನ್ದಾರ. ಬಿಕಾಸ್, ಆಲ್ದೋ, ವೆನ್, ಇಫ್ ಎಂಬ ಪದ ಹೊತ್ತು ಬರುವ ಭಾಗ ಒಕ್ಕಲು. 'ಬಿಕಾಸ್ ದಿ ಬೋಟ್ ವಾಸ್ ಲೇಟ್' ಎಂದಷ್ಟೇ ಹೇಳಿ ನಿಲ್ಲಿಸಿದರೆ ಕೇಳಿದವರು ಮುಂದೇನು ಎಂದು ಬಾಯಿ ನೋಡುತ್ತಾರೆ. ಒಕ್ಕಲು ಒಂಟಿಯಾಗಿ ನಿಲ್ಲಲಾರ.

ಪುಷ್ಪಕ್ಕ ಸೊಂಟದ ಮೇಲಿದ್ದ ಅನ್ವಿತಾಳನ್ನು ನೋಡಿದಳು. "ಇದೂ ಒಬ್ಳೇ ನಿಲ್ಲುದಿಲ್ಲೆ. ಹಂಗಾರೆ ಇದೆಂತ ನನ್ನ ಒಕ್ಲಾ? ಕಾಣಿ, ನನ್ನನ್ನೇ ಕುಣಿಸ್ತಿತ್ತ್."

ಅಷ್ಟರಲ್ಲಿ ಅವಳು ಗೈಡಿನ ಮುಂದಿನ ಪುಟಕ್ಕೆ ಹೋಗಿದ್ದಳು. ಆಲ್ದೋ ಇರುವ ಭಾಗ ವಾಕ್ಯದ ಹಿಂದೆ ಬಂದರೆ ಸಾಮಾನ್ಯವಾಗಿ ಅಲ್ಪವಿರಾಮ ಬೇಡ, ಮುಂದೆ ಬಂದರೆ ಬೇಕು ಎಂದು ಗೈಡಿನಲ್ಲಿತ್ತು. "ಮಗು ಬೆನ್ನಿಗಿದ್ರೆ ಎಂತ ಬ್ಯಾಡ. ಎದ್ರಿಗ್ ಹಾಕಂಡ್ರೆ ಒಂದ್ ಕೈ ಅಡ್ಡ ಕೊಡ್ಕ್. ಅಷ್ಟೇ ಅಲ್ದಾ?"

ಅಷ್ಟೇ. ನಮ್ಮ ಭಾಷೆಯಲ್ಲಿ ಈ ಕೊಂಡಿ ಕ್ರಿಯಾಪದದ ಬಾಲದಲ್ಲಿರುತ್ತದೆ, 'ಬಂದರೂ', 'ಬಂದದ್ದರಿಂದ' ಎಂದು. ಅವರದ್ದು ಮೂಗಿನ ತುದಿಯಲ್ಲಿ. ಇಷ್ಟು ದಿನ ಎರಡೂ ಭಾಷೆ ಆಡಿಕೊಂಡು ಬಂದವಳಿಗೆ ಇದು ಇವತ್ತು ಕಂಡಿತು.

ಫೆಬ್ರವರಿ 16

ಸೈದ್ಧಾಂತಿಕವಾಗಿ ನನ್ನ ಉದಾಹರಣೆಯೇ ಸರಿ. ನೆನಪಿಡಲು ಮಾತ್ರ ಅವಳದ್ದು ಸುಲಭ.

ಫೆಬ್ರವರಿ 23

ನನ್ನ ಬದುಕಿನ ಉಜ್ವಲ ದಿನ.

ಪಾಠಕ್ಕೆ ಹೋದರೆ ಪುಷ್ಪಕ್ಕ ಮನೆಯಲ್ಲಿಲ್ಲ. ಕಡಲ ದಂಡೆಯಲ್ಲಿ ಊರವರು ಕೈರಂಪಣಿ ಬಲೆ ಎಳೆಯುತ್ತಿದ್ದರು, ಅವಳೂ ಅಲ್ಲಿದ್ದಳು. ದೋಣಿಯೊಂದು ಬಲೆಯನ್ನು ಅರ್ಧಚಂದ್ರದಂತೆ ನೀರಿಗೆ ಬಿಟ್ಟು ಬರುತ್ತದೆ. ಅದರ ಎರಡು ತುದಿಯ ಹಗ್ಗ ದಂಡೆಯ ಎರಡು ಕಡೆ. ಎರಡು ಗುಂಪು ಎಳೆಯುತ್ತ ಎಳೆಯುತ್ತ ಹತ್ತಿರವಾಗುತ್ತವೆ. ನಡುವೆ ನಿಂತು ಕೂಗಿ ಹೇಳುವವರು ಕರಿಯಜ್ಜ. ಎಂಬತ್ತು ದಾಟಿದೆ. ಒಂದು ಗುಂಪು ಅವಸರ ಮಾಡಿದರೆ ಬಲೆ ವಾಲಿ ಮೀನು ಜಾರುತ್ತದಂತೆ.

"ಹ್ವಾಯ್ ಟೀಚರಮ್ಮ!" ಎಂದು ಪುಷ್ಪಕ್ಕ ಹಗ್ಗ ಬಿಡದೆ ಕೂಗಿದಳು. "ನಿಮ್ಮ ಮೂರನೇ ಜಾತಿ ಇದೇ ಅಲ್ದಾ? ಈದರ್ ಆ ಬದಿ, ಆರ್ ಈ ಬದಿ!"

ಕೋರಿಲೇಟಿವ್. ಈದರ್ ಬಂದರೆ ಆರ್ ಬರಬೇಕು, ನೈದರ್‌ಗೆ ನಾರ್, ಬೋತ್‌ಗೆ ಆ್ಯಂಡ್. ಒಂದು ಹಗ್ಗ ಬಿಟ್ಟರೆ ಬಲೆ ಬರುವುದಿಲ್ಲ. ನಾನು ಹೇಳಿಕೊಡಬೇಕಿದ್ದ ಪಾಠ ಅವಳೇ ಮುಗಿಸಿದ್ದಳು. ನನಗೆ ಬೇರೆ ಕೆಲಸವಿಲ್ಲದೆ ಹಗ್ಗ ಹಿಡಿದೆ. ಒಂದು ಗಂಟೆ ಎಳೆದೆ. ಅಂಗೈ ಸುಲಿಯಿತು. ಶ್ರಮಜೀವಿಗಳೊಂದಿಗೆ ಒಂದಾಗುವುದು ಎಂದು ನಾನು ಏಳು ಕರಪತ್ರಗಳಲ್ಲಿ ಬರೆದದ್ದು ಇದೇ.

ಬಲೆ ಬಂದ ಮೇಲೆ ಕರಿಯಜ್ಜ ಪಾಲು ಹಾಕಿದರು. ಹಗ್ಗ ಮುಟ್ಟಿದ ಪ್ರತಿಯೊಬ್ಬರಿಗೂ ಒಂದು ಗುಡ್ಡೆ. ನನ್ನ ಮುಂದೆಯೂ ಒಂದಿಷ್ಟು ಬಂಗಡೆ ಬಿತ್ತು. ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ನಂಗ್ ಬ್ಯಾಡ ಅಜ್ಜ. ನನ್ನ ಪಾಲ್ ಯಾರಾರ್ ಬಡವ್ರಿಗ್ ಕೊಡಿ" ಎಂದೆ.

ಅಜ್ಜ ಆ ಗುಡ್ಡೆಯನ್ನು ಕಾಗೆಗಳಿಗೆ ಬಿಟ್ಟು ಮುಖ ತಿರುಗಿಸಿ ನಡೆದರು. ಬಹಳ ಭಾವುಕರಾದಂತೆ ಕಂಡಿತು.

ಫೆಬ್ರವರಿ 26

ಪುಷ್ಪಕ್ಕನ ಬಾಗಿಲು ಹಾಕಿತ್ತು. ತಟ್ಟಿದೆ. "ಪುಷ್ಪ ಇಲ್ಲೆ" ಎಂದು ಒಳಗಿನಿಂದ ಉತ್ತರ ಬಂತು. ಧ್ವನಿ ಪುಷ್ಪಕ್ಕನದ್ದೇ.

ಮಾರ್ಚ್ 1

ಇವತ್ತೂ ಇಲ್ಲ. ಇದರ ಹಿಂದೆ ಯಾರೋ ಇದ್ದಾರೆ. ಜನರಿಗೂ ಜನರ ಹಿತೈಷಿಗಳಿಗೂ ನಡುವೆ ಒಡಕು ತರುವ ಶಕ್ತಿಗಳ ಬಗ್ಗೆ ನಾಲ್ಕು ಪುಟ ಬರೆದೆ. ಶಕ್ತಿಗಳ ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದೇನೆ.

ಪರೀಕ್ಷೆಗೆ ಇಪ್ಪತ್ತೈದು ದಿನ. 'ನಾಟ್ ಓನ್ಲಿ, ಬಟ್ ಆಲ್ಸೋ' ಅವಳಿಗೆ ಇನ್ನೂ ಬಂದಿಲ್ಲ.

ಮಾರ್ಚ್ 2

ತೆಕ್ಕಟ್ಟೆಯ ನಮ್ಮ ಹೋಟೆಲಿನಲ್ಲಿ ಅಪ್ಪಯ್ಯ ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಕೂತಿದ್ದರು. ಸಾಮಾನ್ಯವಾಗಿ ನಾನು ಅವರೊಂದಿಗೆ ಸಾಮಾಜಿಕ ವಿಷಯ ಮಾತಾಡುವುದಿಲ್ಲ. ಅವರು ಮುಂಬಯಿಯಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿದ ಮಾಲೀಕ ವರ್ಗ. ಆದರೂ ಹೇಳಿದೆ.

"ಪಾಲ್ ಬ್ಯಾಡ ಅಂದ್ಯಾ?" ಎಂದು ಅಪ್ಪಯ್ಯ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಎಲ್ಲರೆದ್ರಿಗೆ?"

"ತ್ಯಾಗ ಅಪ್ಪಯ್ಯ ಅದ್."

"ತ್ಯಾಗ ಅಲ್ಲ ಮಗಾ, ಧಣಿಗಿರಿ. ಹಗ್ಗ ಎಳ್ದವ ಪಾಲ್ ಬ್ಯಾಡ ಅಂಬುದಿಲ್ಲ. ಬ್ಯಾಡ ಅಂದ್ರೆ 'ನಾನ್ ನಿಮ್ಮೊಟ್ಟಿಗೆ ಎಳ್ದವ ಅಲ್ಲ, ಮೋಜಿಗ್ ಬಂದವ' ಅಂದಾಂಗೆ. ನಿನ್ನ ಅಜ್ಜಯ್ಯ ಹಂಗೇ ಮಾಡ್ತಿದ್ರ್. ಬಿಳಿ ಮುಂಡು ಎತ್ತಿ ಕಟ್ಟಿ ಎರಡ್ ಗಳಿಗೆ ಎಳುದ್, 'ಪಾಲ್ ನೀವೇ ಇಟ್ಕಣಿ' ಅಂದ್ ಎದ್ದ್ ಬಪ್ಪುದ್. ಆ ಕರಿಯನೇ ಅವ್ರ ಬೆನ್ನಿಗೆ ಬೈತಿದ್ದ, ನಾನ್ ಸಣ್ಣವ, ಕೇಂಡಿದೆ."

ನಾನು ಅಜ್ಜಯ್ಯನ ವಿರುದ್ಧ ಕಾಲೇಜಿನಲ್ಲೇ ಒಂದು ಲೇಖನ ಬರೆದವಳು. ಅಪ್ಪಯ್ಯ ಜೋರಾಗಿ ನಗುತ್ತಿದ್ದರು. ಅಡುಗೆಯವರಿಗೂ ಹೇಳಿ ನಗಿಸಿದರು.



ಮಾರ್ಚ್ 5

ಬೆಳಿಗ್ಗೆ ಆರಕ್ಕೆ ಕೋಡಿಯಲ್ಲಿದ್ದೆ. ಕರಿಯಜ್ಜ ನನ್ನ ಕಡೆ ನೋಡದೆ ಹಗ್ಗದ ಬಾಲದ ತುದಿ ತೋರಿಸಿದರು. ಅಲ್ಲಿ ಹಗ್ಗಕ್ಕಿಂತ ಮರಳು ಹೆಚ್ಚು. ಎಳೆದೆ. ನಡುವೆ ಒಮ್ಮೆ ಬಿದ್ದೆ. ಯಾರೂ ಎತ್ತಲಿಲ್ಲ, ಕುಸುಮಾವತಿ ಮಾತ್ರ "ಶೆಟ್ರ ಮನೆ ನೆಲ ಮೆತ್ತಗಿರತ್ತ್, ಅಲ್ದಾ?" ಎಂದು ಕೇಳಿದರು.

ಬಲೆ ಬಹುತೇಕ ಬರಿದು. ಪಾಲಿಗೆ ಬಂದದ್ದು ಏಳು ಬೈಗೆ, ಬೆರಳುದ್ದದ ಮೀನು. ಅಜ್ಜ ಗುಡ್ಡೆ ಹಾಕಿ ನನ್ನ ಮುಂದೆ ನಿಂತರು. ನಾನು ದುಪಟ್ಟಾ ಚಾಚಿದೆ. ಕಾಗದವಾದರೂ ತರಬೇಕಿತ್ತು.

"ಸಣ್ಣದ್ ಅಂದೇಳಿ ಬೇಜಾರಾ?"

"ಇನ್ನೊಂದ್ ಹಾಕಿ ಅಜ್ಜ. ಪಕ್ಕದವ್ರಿಗ್ ಎಂಟ್ ಬಂದಿತ್ತ್."

ಅಜ್ಜ ಎಣಿಸಿ ನೋಡಿ ಇನ್ನೊಂದು ಹಾಕಿದರು.

ಬಸ್ಸಿನಲ್ಲಿ ಕಂಡಕ್ಟರ್ ಮೀನಿನ ವಾಸನೆಗೆ ನನ್ನನ್ನು ಹಿಂದಿನ ಬಾಗಿಲಿಗೆ ಕಳಿಸಿದ. ಅಮ್ಮ ತೆಂಗಿನಕಾಯಿ ಅರೆದು ಗಸಿ ಮಾಡಿದಳು. ಎಂಟು ಮೀನು ಮೂವರಿಗೆ, ಅಪ್ಪಯ್ಯನಿಗೆ ಎರಡೇ.

ಸಂಜೆ ಪುಷ್ಪಕ್ಕನ ಫೋನು. "ನಾಳೆ ಬತ್ಯಾ ಹೆಣೆ? ಹತ್ತ್ ದಿನ ಹಾಳಾಯ್ತ್. ನನ್ನ ತಪ್ಪಲ್ಲ, ನಿನ್ ತಪ್ಪ್. ಆದ್ರೂ ಬಾ."

ಹತ್ತು ದಿನ. 'ಆಲ್ದೋ' ಇನ್ನೊಮ್ಮೆ ಮೊದಲಿನಿಂದ.

ಮಾರ್ಚ್ 14

ಪ್ರವೀಣ್ ಸಮಾವೇಶದ ದಿನ ಗೊತ್ತು ಮಾಡಿದ್ದಾರೆ. ಮಾರ್ಚ್ ಇಪ್ಪತ್ತಾರು, ಬೈಂದೂರು, ಬೆಳಿಗ್ಗೆ ಹತ್ತು. ಮುಖ್ಯ ಭಾಷಣ ನನ್ನದು. ನನ್ನ ಮೊದಲ ಮುಖ್ಯ ಭಾಷಣ.

ಇಪ್ಪತ್ತಾರಕ್ಕೇ ಇಂಗ್ಲಿಷ್ ಪರೀಕ್ಷೆ.

ಪುಷ್ಪಕ್ಕನಿಗೆ ಹೇಳಿದೆ. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಹತ್ತ್ ಜನ ಬತ್ರ್. ನಾನ್ ಮಾತ್ ಕೊಟ್ಟಿದೆ. ಕುಸ್ಮಕ್ಕ ಕರ್ಕಂಬತ್ರ್. ನೀನ್ ಹೋಗಿ ಚಂದ ಮಾತಾಡ್."

ಹಿಂದಿನ ಸಲ ಬಿದ್ದದ್ದು ಹೇಗೆಂದು ಆಮೇಲೆ ಹೇಳಿದಳು, ನಾನು ಕೇಳದೆ. ಉತ್ತರ ಗೊತ್ತಿತ್ತಂತೆ. ಮೊದಲ ಪುಟದ ಉದ್ದ ಪ್ಯಾರಾ ನೋಡಿ ಕಣ್ಣು ಕತ್ತಲೆ ಬಂದು ಅರ್ಧ ಗಂಟೆಗೆ ಎದ್ದು ಬಂದಳಂತೆ. "ಹೊರ್ಗೆ ಯಾರೂ ಇರ್ಲಿಲ್ಲೆ. ಯಾರಾರ್ ಕಾದ್ ನಿಂತಿದ್ರೆ ನಾಚ್ಕೆಗಾರೂ ಒಳ್ಗೆ ಕೂಕಂತಿದ್ದೆ."

ನನ್ನನ್ನು ಬಾ ಎಂದು ಅವಳು ಕರೆಯಲಿಲ್ಲ. ಕರೆದಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು.

ಮಾರ್ಚ್ 25

ನಾಳೆ ಬೈಂದೂರಿಗೆ ಹೋಗಲೇಬೇಕಾದ ಕಾರಣಗಳು: ಒಂದು, ಒಬ್ಬ ವ್ಯಕ್ತಿಗಿಂತ ಸಮೂಹ ದೊಡ್ಡದು. ಎರಡು, ಹೆಸರು ಅಚ್ಚಾಗಿದೆ. ಮೂರು, ಅವಳಿಗೆ ಎಲ್ಲ ಬರುತ್ತದೆ, ನಾನು ನಿಂತು ಮಾಡುವುದೇನೂ ಇಲ್ಲ. ಇಂತಹ ಕಾರಣ ಹನ್ನೊಂದು ಬರೆದೆ. ಭಾಷಣ ಬಾಯಿಪಾಠವಾಗಿದೆ. ಬಸ್ಸು ಎಂಟೂವರೆಗೆ.

ಮಾರ್ಚ್ 26

ಎಂಟೂವರೆಯ ಬಸ್ಸು ನನ್ನ ಎದುರಿಗೇ ಹೋಯಿತು. ಒಂಬತ್ತರದ್ದೂ ಹೋಯಿತು. ಎರಡರಲ್ಲೂ ಸೀಟಿತ್ತು.

ಕುಂದಾಪುರದ ಶಾಲೆಯ ಗೇಟಿನಲ್ಲಿ ಯೂನಿಫಾರ್ಮಿನ ಹುಡುಗಿಯರ ನಡುವೆ ಪುಷ್ಪಕ್ಕ ಹಸಿರು ಸೀರೆಯುಟ್ಟು ಪರೀಕ್ಷೆಗೆ ಮಗಳನ್ನು ಬಿಡಲು ಬಂದವಳಂತೆ ನಿಂತಿದ್ದಳು. ಒಬ್ಬ ಮೇಷ್ಟರು, "ಪೋಷಕರು ಹೊರಗೆ" ಎಂದರು. ಹಾಲ್ ಟಿಕೆಟ್ ತೋರಿಸಿ ಒಳಗೆ ಹೋದಳು. ನನ್ನನ್ನು ನೋಡಲಿಲ್ಲ. ನಾನು ಕಬ್ಬಿನ ಹಾಲಿನ ಅಂಗಡಿಯ ಹಿಂದಿದ್ದೆ. ಬಂದದ್ದಕ್ಕೆ ಏನು ಹೇಳುವುದೆಂದು ಇನ್ನೂ ಗೊತ್ತಾಗಿರಲಿಲ್ಲ.

ಗಂಟೆ ಹೊಡೆದ ಮೇಲೆ ಗೇಟಿನ ಬಳಿ ಬಂದೆ. ಪೊಲೀಸಿನವರು ರಸ್ತೆಯ ಆಚೆಗೆ ಕಳಿಸಿದರು. ಅಲ್ಲಿಂದ ಮಹಡಿಯ ಜಗಲಿ ಕಾಣುತ್ತಿತ್ತು. ನೆರಳಿರಲಿಲ್ಲ.

ಅರ್ಧ ಗಂಟೆಗೆ ಸರಿಯಾಗಿ ಹಸಿರು ಸೀರೆ ಜಗಲಿಗೆ ಬಂತು. ಕಂಬ ಹಿಡಿದು ನಿಂತಳು. ಬಲಗೈಯನ್ನು ಝಾಡಿಸುತ್ತಿದ್ದಳು. ಮೇಲ್ವಿಚಾರಕಿ ಹಿಂದೆಯೇ ಬಂದು ಏನೋ ಕೇಳುತ್ತಿದ್ದರು. ಪುಷ್ಪಕ್ಕ ಮೆಟ್ಟಿಲಿನ ಕಡೆ ಎರಡು ಹೆಜ್ಜೆ ಇಟ್ಟಳು.

ನನಗೆ ಘೋಷಣೆ ಕೂಗಿ ಅಭ್ಯಾಸವಿದೆ. ಇವತ್ತು ಕೂಗಲಿಲ್ಲ. ರಸ್ತೆಯ ಅಂಚಿಗೆ ಬಂದು ಬಿಸಿಲಿನಲ್ಲಿ ಸುಮ್ಮನೆ ನಿಂತೆ.

ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿ, ಮೇಲ್ವಿಚಾರಕಿಯಿಂದ ನೀರು ಇಸಿದುಕೊಂಡು ಕುಡಿದು, ಒಳಗೆ ಹೋದಳು.

ಕೊನೆಯ ಗಂಟೆಗೆ, ಎಲ್ಲರಿಗಿಂತ ಕೊನೆಗೆ, ಹೊರಬಂದಳು. ಮೊದಲ ಮಾತು: "ನಿಂಗೆ ಭಾಷಣ ಇಲ್ಯಾ?"

"ಮುಂದ್ ಹೋಯ್ತ್."

"ಸುಳ್ಳ್ ಹೇಳುಕೂ ಬತ್ತಿಲ್ಲೆ ನಿಂಗೆ." ಕಬ್ಬಿನ ಹಾಲು ಅವಳೇ ಕೊಡಿಸಿದಳು. ಮೊದಲ ಪ್ಯಾರಾ ನೋಡಿ ಈ ಸಲವೂ ಕಣ್ಣು ಕತ್ತಲೆ ಬಂತಂತೆ. "ತಿರ್ಗಿ ಬಂದ್ ಕೂಕಂಡ ಮೇಲೆ ಪ್ಯಾರಾ ಬಿಟ್ಟೆ. ಬರೀ ಕೊಂಡಿ ಹುಡ್ಕಿದೆ. ಇಲ್ಲೊಂದ್ ಬಿಕಾಸ್, ಅಲ್ಲೊಂದ್ ಅನ್‌ಲೆಸ್. ಯಾರ್ ಯಾರನ್ನ ಎತ್ಕಂಡಿದ್ರ್ ಅಂದೇಳಿ ಗೊತ್ತಾಯ್ತ್. ಆಮೇಲೆ ಕತೆ ತನ್ನಷ್ಟಕ್ ತಾನೇ ಬಿಡ್ಸಕಂತ್."

ಸಂಜೆ ಪ್ರವೀಣರ ಫೋನು. ನನ್ನನ್ನು ಬಳಗದಿಂದ ತೆಗೆದಿದ್ದಾರೆ. ಕೋಡಿಯ ಹತ್ತು ಹೆಂಗಸರು ಬಂದಿದ್ದರಂತೆ. ಸಭೆಯಲ್ಲಿ ಇದ್ದದ್ದೇ ಹದಿನೇಳು ಜನ. ಪ್ರವೀಣರ ಭಾಷಣದ ನಡುವೆ ಕುಸುಮಾವತಿ ಎದ್ದು, "ಇಂಗ್ಲಿಷ್ ಬ್ಯಾಡ ಅಂಬವ್ರೆಲ್ಲಾ ಇಂಗ್ಲಿಷ್ ಕಲ್ತವ್ರೇ ಆಯಿದ್ರಲೆ, ಅದ್ ಹ್ಯಾಂಗೆ?" ಎಂದು ಕೇಳಿದರಂತೆ. ಆ ಹೆಂಗಸರನ್ನು ಕರೆಸಿದ್ದು ನಾನು, ಉತ್ತರ ನಾನೇ ಕೊಡಬೇಕು ಎಂದರು ಪ್ರವೀಣ್.

ಉತ್ತರವಾಗಿ ಒಂದು ಕರಪತ್ರ ಬರೆಯುತ್ತೇನೆ. ನನ್ನ ನಿಲುವಿನಲ್ಲಿ ಕಿಂಚಿತ್ತೂ ಬದಲಾವಣೆ ಇಲ್ಲ.

ಏಪ್ರಿಲ್ 10

ಕರಪತ್ರ ಮುಗಿಯಿತು. ಎಂಟು ಪುಟವಾಗಬೇಕಿತ್ತು, ಯಾಕೋ ಒಂದೇ ಪುಟವಾಗಿದೆ. ಕುಸುಮಕ್ಕನಿಗೆ ಓದಿ ಹೇಳಿದೆ. "ಇದ್ ಅರ್ಥ ಆತ್ತ್. ಆದ್ರೆ ಒಪ್ಪುಕೆ ಆತಿಲ್ಲೆ" ಎಂದರು. ಎರಡು ಗಂಟೆ ಜಗಳವಾಡಿದೆವು. ಅಷ್ಟರಲ್ಲಿ ಅವರು ಒಂದು ಬುಟ್ಟಿ ಚಟ್ಲಿ, ಅಂದರೆ ಸಿಗಡಿ, ಸುಲಿದರು, ಅರ್ಧ ನನ್ನಿಂದ ಸುಲಿಸಿದರು.

ಪುಷ್ಪಕ್ಕ ಇನ್ನೂ ಬುಟ್ಟಿ ಹೊರುತ್ತಿದ್ದಾಳೆ. ಕೈಯ ಜೋಮು ಈಗ ಮೊಣಕೈವರೆಗೆ ಬರುತ್ತದೆಯಂತೆ. ಪರೀಕ್ಷೆಯ ಮಾತು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಮೇ 2

ಫಲಿತಾಂಶ ಹೋಟೆಲಿನಲ್ಲೇ, ಅಪ್ಪಯ್ಯನ ಮೊಬೈಲಿನಲ್ಲಿ ನೋಡಿದೆ. ನನ್ನದರಲ್ಲಿ ತೆರೆಯಲಿಲ್ಲ. ನಾನು ಕೂಗಿದ್ದು ಕೇಳಿ ಅಪ್ಪಯ್ಯ ಊಟಕ್ಕೆ ಕೂತವರಿಗೆಲ್ಲ ನನ್ನ ಶಿಷ್ಯೆ ಪಾಸು ಎಂದು ಹೇಳಿದರು, ಮೂವತ್ತನಾಲ್ಕು ವರ್ಷ ಎನ್ನುವುದನ್ನು ಬಿಟ್ಟು. ಸ್ಕೂಟರಿನ ಕೀಲಿ ನಾನು ಕೇಳುವ ಮೊದಲೇ ಕೊಟ್ಟರು.

ಪುಷ್ಪಕ್ಕ ಆಗಷ್ಟೇ ಮಾರಾಟ ಮುಗಿಸಿ ಬಂದು ಅಂಗಳದಲ್ಲಿ ಬುಟ್ಟಿ ಇಳಿಸಿ ಕುತ್ತಿಗೆ ನೀವಿಕೊಳ್ಳುತ್ತಿದ್ದಳು.

"ನಲವತ್ತೊಂದ್" ಎಂದೆ.

"ಎಷ್ಟಕ್ಕೆ ಪಾಸ್?"

ಅವಳಿಗೆ ಗೊತ್ತಿದ್ದದ್ದೇ. ಆದರೂ ಹೇಳಿದೆ, ಮೂವತ್ತೈದು. ನಲವತ್ತೊಂದನ್ನು ಮೂರು ಸಲ ಹೇಳಿಸಿದಳು. ಆಮೇಲೆ ಬುಟ್ಟಿಯನ್ನು ಮಗುಚಿ ಅದರ ಮೇಲೆ ಕೂತಳು, ಕಾಲು ಚಾಚಿ, ರಾಣಿಯಂತೆ. ಪಕ್ಕಕ್ಕೆ ಸರಿದು, "ಬಾ ಹೆಣೆ, ಕೂಕೋ" ಎಂದಳು.

ಕೂತೆ. ಬುಟ್ಟಿ ಕರಕರ ಎಂದಿತು. ಮುಂದಿನ ಕ್ಷಣ ಇಬ್ಬರೂ ನೆಲದ ಮೇಲಿದ್ದೆವು. ಅನ್ವಿತಾ ಚಪ್ಪಾಳೆ ತಟ್ಟುತ್ತಿತ್ತು. ನನ್ನ ಬೆನ್ನಿಗೆ ಬಿದಿರಿನ ಸಿಬಿರು ಚುಚ್ಚಿತ್ತು, ತಲೆಗೂದಲಲ್ಲಿ ಮೀನಿನ ಹುರುಪೆ. ಪುಷ್ಪಕ್ಕ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ಕೈ ತೆಗೆದರೆ ನಗು. ಅಳುವೂ ಇತ್ತು.

ಸದ್ದು ಕೇಳಿ ಕುಸುಮಕ್ಕ ಬೇಲಿಯಾಚೆಯಿಂದ ಇಣುಕಿದರು. "ಅಯ್ಯೋ, ಬುಟ್ಟಿ ಹೋಯ್ತಾ! ನಾಳೆಗೆ ನನ್ನದೊಂದ್ ಹಳೇದಿತ್ತ್, ಕೊಡ್ಕಾ?"

ಪುಷ್ಪಕ್ಕ ಎದ್ದು ಸೀರೆಯ ಮರಳು ಕೊಡವಿದಳು. ನನಗೆ ಎಡಗೈ ಕೊಟ್ಟು ಎಬ್ಬಿಸಿದಳು.

"ಬ್ಯಾಡ ಕುಸ್ಮಕ್ಕ. ಮಗಿನ ಒಂಚೂರ್ ಕಾಣಿ. ಸೈಬರಿನವ ಬಾಗ್ಲ್ ಹಾಕುದ್ರೊಳ್ಗೆ ನಾವಿಬ್ರೂ ಹೋಯಿ ಅಂಗನ್ವಾಡಿ ಅರ್ಜಿ ಹಾಕಿ ಬತ್ತ್."